ಓಲೆಗರಿಗಳ ಸೆರೆವಾಸ

ಪ್ರಾಚೀನಕಾವ್ಯದ ಹಸ್ತಪ್ರತಿಯೊಂದು ಯಾವುದಾದರೊಂದು ಗ್ರಂಥಭಂಡಾರದ ಬೀರುವನ್ನು ಸೇರಿತೆಂದರೆ ಅದರ ಚಿಂತೆ ತೀರಿತೆಂದು ಭಾವಿಸುವ ಸಂಪ್ರದಾಯವು ಕನ್ನಡನಾಡಿನಲ್ಲಿ ಬಲವಾಗಿ ಬೇರೂರಿದೆ. ಕಟ್ಟಿಗೆ ಸಂಖ್ಯೆಯನ್ನು ಅಂಟಿಸಿ, ಸೂಚಿಯಲ್ಲಿ ಒಂದು ಪಂಕ್ತಿಯನ್ನು ಬರೆದು, ಬೀಗವನ್ನು ಹಾಕಿದೊಡನೆ ಕವಿಯ ಋಣವೆಲ್ಲ ಸಂದಿತೆಂಬುದು ಈ ಮತದವರ ನಂಬಿಕೆ. ಇದು ಕೇವಲ ಆಲಸ್ಯಕ್ಕೆ ತೊಡಿಸಿದ ಶಾಸ್ತ್ರದ ಅಂಗಿ. ಓದುವವರಿಲ್ಲದ ಕಾವ್ಯವು ಎಷ್ಟು ಭದ್ರವಾಗಿದ್ದರೂ ಗರಿಗಳ ಹೊರೆಯೇ ಹೊರತು ಬೇರೆಯಲ್ಲ.

ಮಡಿಕೇರಿಯವರು ಇದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ದೊಡ್ಡವೀರರಾಜೇಂದ್ರನು ತನ್ನ ವಂಶಚರಿತ್ರೆಯಾಗಿ ಬರೆಯಿಸಿದ ರಾಜೇಂದ್ರನಾಮೆಯು ಗದ್ಯಗ್ರಂಥವೇ ಸರಿ. ಆದರೆ ಹಸ್ತಪ್ರತಿಗಳ ಹಣೆಬರಹವನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ೧೮೦೮ರಲ್ಲಿಯೇ ಅಬರ್‌ಕ್ರಾಂಬಿ ಎಂಬ ಆಂಗ್ಲ ಅಧಿಕಾರಿಯು ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ಕನ್ನಡ ಮೂಲವು ಹರ್ಮನ್ ಮೋಗ್ಲಿಂಗನ ಪ್ರಯತ್ನದಿಂದ ಮಂಗಳೂರಿನಲ್ಲಿ ಅಚ್ಚಾದುದು ೧೮೫೭ರಲ್ಲಿ. ಈ ನಲವತ್ತೊಂಬತ್ತು ವರ್ಷಗಳ ನಡುವೆ, ೧೮೩೪ರಲ್ಲಿ, ಆ ವಂಶದ ರಾಜ್ಯವೇ ಕಂಪೆನಿಯ ಪಾಲಾಗಿಹೋಗಿತ್ತು.

ಅದೇ ಮೋಗ್ಲಿಂಗನು ಕೊಡಗಿಗೆ ಬರುವ ಮೊದಲು, ೧೮೪೮ರಿಂದಾಚೆಗೆ, ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧಿಕಾರಿಯ ದ್ರವ್ಯಸಹಾಯದಿಂದ ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ತೆಗೆಯಿಸಿದ್ದನು. ೧೮೭೦ರ ದಶಕದಲ್ಲಿ ಕೆಲವು ಕಾಲ ಮಡಿಕೇರಿಯಲ್ಲಿ ನೆಲಸಿದ್ದ ಕಿಟೆಲನು ನಾಗವರ್ಮನ ಛಂದೋಂಬುಧಿಯನ್ನು ೧೮೭೫ರಲ್ಲಿ ಪ್ರಕಟಪಡಿಸಿದನು. ಇವರು ಕ್ರೈಸ್ತಮತದ ಪ್ರಚಾರಕ್ಕೆಂದು ಬಂದವರು. ವಿಠಲನ ಕೀರ್ತನೆಗಳನ್ನು ಅಚ್ಚುಹಾಕಿಸುವ ಕಾರ್ಯವು ಅವರ ಪಾಲಿಗೆ ಬಂದುದು ಅವರಿಗೆ ಭೂಷಣ. ವಿಠಲನ ಭಕ್ತರಿಗೆ ಭೂಷಣವೆಂದು ಹೇಳುವ ಹಾಗಿಲ್ಲ.

ಇನ್ನೊಂದು ವೈಚಿತ್ರ್ಯವುಂಟು. ಕೊಡವರ ಹಾಡುಗಳಿಗೆ ಓಲೆಯ ಆಶ್ರಯವಿರಲಿಲ್ಲ. ದುಡಿಯನ್ನು ಬಡಿದು ಹಾಡುವವರ ಕಂಠವೇ ಅವುಗಳ ಭಂಡಾರ. ನಡಿಕೇರಿಯಂಡ ಚಿಣ್ಣಪ್ಪನವರು ಅವನ್ನು ಕೇಳಿ, ಕನ್ನಡ ಲಿಪಿಯಲ್ಲಿ ಬರೆದು, ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ ಎಂದು ಪ್ರಕಟಿಸಿದರು. ಹೆಸರಿನಲ್ಲಿ ಮಾತ್ರ ಓಲೆಯುಳ್ಳ ಆ ಹಾಡುಗಳು ಇಂದಿಗೂ ಓದಲ್ಪಡುತ್ತಿವೆ. ೨೦೦೩ರಲ್ಲಿ ಇಂಗ್ಲಿಷಿಗೂ ಅನುವಾದಗೊಂಡುವು. ನಿಜವಾಗಿ ಓಲೆಯ ಮೇಲೆ ಕೊರೆಯಲ್ಪಟ್ಟ ಎಷ್ಟೋ ಕೃತಿಗಳಾದರೋ ದಾರವನ್ನು ಬಿಚ್ಚುವವರನ್ನು ಕಾಣದೆ ಮಲಗಿವೆ. ಬಾಯಿಪಾಠದ ಕವಿತೆಯನ್ನು ಉಳಿಸಿದುದು ಬೀಗವಲ್ಲ, ಒಬ್ಬ ಮನುಷ್ಯನ ಕಿವಿ ಮತ್ತು ಕೈ.

ಗರಿಗಳನ್ನು ಮುಟ್ಟಿದರೆ ಮುರಿಯುವುವು, ಆದುದರಿಂದ ಮುಟ್ಟದಿರುವುದೇ ಲೇಸು ಎಂದು ಆಕ್ಷೇಪಿಸುವವರುಂಟು. ಮುಟ್ಟದಿದ್ದರೆ ಅವು ಮುರಿಯವೆಂದು ಇವರಿಗೆ ಹೇಳಿದವರಾರು? ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ ಮಡಿಕೇರಿಯಂತಹ ಸ್ಥಳದಲ್ಲಿ ಬೂಷ್ಟಿಗೂ ಹುಳುವಿಗೂ ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಿಂದಿನವರು ಇದನ್ನು ಬಲ್ಲರು. ಕಂಟದಿಂದ ಕೊರೆದ ಅಕ್ಷರಕ್ಕೆ ಕಾಡಿಗೆಯನ್ನು ತೀಡುತ್ತಿದ್ದರು, ಗರಿಗೆ ಎಣ್ಣೆಯನ್ನು ಸವರುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಪ್ರತಿ ಶಿಥಿಲವಾಗುವುದಕ್ಕೆ ಮೊದಲೇ ಹೊಸ ಪ್ರತಿಯನ್ನು ಮಾಡಿಸುತ್ತಿದ್ದರು. ಪಂಪನು ಸಾವಿರ ವರ್ಷಗಳನ್ನು ದಾಟಿ ಬಂದುದು ಒಂದೇ ಗರಿಯ ಬಲದಿಂದಲ್ಲ, ಹೆಸರು ತಿಳಿಯದ ಲಿಪಿಕಾರರ ಪರಂಪರೆಯಿಂದ.

ಈಗ ಛಾಯಾಚಿತ್ರಗಳ ಯುಗ. ಕೇಂದ್ರ ಸರಕಾರವು ೨೦೦೩ರಲ್ಲಿ ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ೨೦೨೫ರ ಆಯವ್ಯಯದಲ್ಲಿ ‘ಜ್ಞಾನಭಾರತಂ’ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಗಣತಿ, ಸಂರಕ್ಷಣೆಗಳನ್ನು ಸಾರಿತು. ಸ್ತುತ್ಯವಾದ ಕಾರ್ಯವೇ. ಆದರೆ ಛಾಯೆಯನ್ನು ಓದಬಲ್ಲ ಕಣ್ಣು ಎಲ್ಲಿದೆ? ಒತ್ತಕ್ಷರಗಳು ಒಂದರೊಳಗೊಂದು ಹೆಣೆದಿರುವ, ಪದಗಳ ನಡುವೆ ಎಡೆಯೇ ಇಲ್ಲದ ಷಟ್ಪದಿಯನ್ನು ಬಿಡಿಸುವುದಕ್ಕೆ ಯಂತ್ರದ ದೀಪವು ಸಾಲದು. ಓದುಗರನ್ನು ಸಿದ್ಧಗೊಳಿಸದ ಛಾಯಾಚಿತ್ರವು ಗಾಜಿನಿಂದ ಮಾಡಿದ ಮತ್ತೊಂದು ಬೀರು.

ಕೊಡಗಿಗೆ ಖಡ್ಗವೇ ಕಾವ್ಯ, ಇಲ್ಲಿ ಹುಡುಕುವುದೇನಿದೆ ಎಂಬ ಜಂಬದ ಮಾತೂ ಆಗಾಗ ಕೇಳಿಬರುವುದುಂಟು. ನಂಜರಾಯಪಟ್ಟಣದ ಚಂಗಾಳ್ವರನ್ನು ಇವರು ಮರೆತರು. ಆ ಅರಸರ ಮಂತ್ರಿಕುಲದಲ್ಲಿ ಹುಟ್ಟಿದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಸಮ್ಯಕ್ತ್ವಕೌಮುದಿ, ನೇಮಿಜಿನೇಶಸಂಗತಿಗಳನ್ನಲ್ಲದೆ ಅಡಿಗೆಯ ವಿಚಾರವಾಗಿಯೂ ಸೂಪಶಾಸ್ತ್ರವೆಂಬ ಪದ್ಯಗ್ರಂಥವನ್ನು ರಚಿಸಿದನು. ಗಡಿಯ ಈಚೆಗೂ ಆಚೆಗೂ ಒಂದೇ ಆಳ್ವಿಕೆಯಿದ್ದ ಆ ಕಾಲದಲ್ಲಿ ಓಲೆಗಳು ಘಟ್ಟವನ್ನೇರಿ ಬರಲಿಲ್ಲವೆಂದು ಹುಡುಕುವುದಕ್ಕೆ ಮೊದಲೇ ನಿಶ್ಚಯಿಸುವುದು ಪಾಂಡಿತ್ಯವಲ್ಲ.

ಐನ್‌ಮನೆಗಳ ಅಟ್ಟದಲ್ಲಿಯೋ ದೇವಸ್ಥಾನದ ಪೆಟ್ಟಿಗೆಯಲ್ಲಿಯೋ ಕಟ್ಟುಗಳಿದ್ದರೆ ಅವನ್ನು ಕಸಿದುಕೊಳ್ಳಬೇಕೆಂದು ಯಾರೂ ಹೇಳುತ್ತಿಲ್ಲ. ಪೂರ್ವಿಕರ ಸ್ವತ್ತು ಮನೆಯಲ್ಲಿಯೇ ಇರಲಿ, ಅರಿಸಿನ ಕುಂಕುಮಗಳೂ ಸಲ್ಲಲಿ. ವರ್ಷಕ್ಕೊಮ್ಮೆ ದಾರವನ್ನು ಬಿಚ್ಚಲು ಮಾತ್ರ ಒಪ್ಪಲಿ. ಮಳೆ ನಿಂತು ಹವೆಯು ಒಣಗಿರುವ ಮಾಘ ಫಾಲ್ಗುಣಗಳಲ್ಲಿ, ಹಳೆಯ ಲಿಪಿಯನ್ನು ಬಲ್ಲ ಒಬ್ಬ ಹಿರಿಯರನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಿಂದಾಗಲಿ ಹಂಪೆಯ ವಿಶ್ವವಿದ್ಯಾಲಯದಿಂದಾಗಲಿ ಕರೆಯಿಸಿ, ಮಡಿಕೇರಿಯ ಕಾಲೇಜಿನ ನಾಲ್ಕೈದು ಮಂದಿ ವಿದ್ಯಾರ್ಥಿಗಳನ್ನು ಅವರ ಮುಂದೆ ಕೂರಿಸಿದರೆ ಆರಂಭಕ್ಕೆ ಸಾಕು. ಸಾಹಿತ್ಯೋತ್ಸವದ ಒಂದು ದಿನದ ಚಪ್ಪರದ ಖರ್ಚಿನಲ್ಲಿ ಈ ಕಾರ್ಯವು ಎರಡು ತಿಂಗಳು ನಡೆಯುವುದು.