ಗಡಿಯಾರಗಳ ಒಡಂಬಡಿಕೆ

ಹಳೇ ಹುಬ್ಬಳ್ಳಿಯ ಅಂಗಳವೊಂದರಲ್ಲಿ ಕೋಲು ನೆಟ್ಟು, ಅದರ ನೆರಳು ಅತ್ಯಂತ ಗಿಡ್ಡವಾಗುವ ಗಳಿಗೆಯನ್ನು ಗುರುತಿಸಿರಿ. ಋತುವಿಗೆ ತಕ್ಕಂತೆ ಕೊಂಚ ಹೆಚ್ಚುಕಡಿಮೆಯಾದರೂ, ಆಗ ಗಡಿಯಾರದಲ್ಲಿ ಸುಮಾರು ಹನ್ನೆರಡೂವರೆಯಾಗಿರುತ್ತದೆ. 1906ರಲ್ಲಿ ಜಾರಿಗೆ ಬಂದ ಭಾರತೀಯ ಶಿಷ್ಟ ಕಾಲಮಾನವು 82½ ಡಿಗ್ರಿ ಪೂರ್ವ ರೇಖಾಂಶದ್ದು. ಹುಬ್ಬಳ್ಳಿಯಿರುವುದು 75ರ ಬಳಿ. ಅದಕ್ಕೂ ಮೊದಲು, ಸದರ್ನ್ ಮರಾಠಾ ರೈಲ್ವೆ ಇಲ್ಲಿಗೆ ಬಂದ ಕಾಲದಲ್ಲಿ, ರೈಲುಗಳು ಮದರಾಸಿನ ಕಾಲದಂತೆ ಓಡುತ್ತಿದ್ದವು. ಅದು ಈ ಊರಿನ ಸೂರ್ಯನಿಗಿಂತ 20 ನಿಮಿಷ ಮುಂದು. ಮದರಾಸಿನ ವೀಕ್ಷಣಾಲಯ ತಂತಿಯ ಮೂಲಕ ಸಮಯವನ್ನು ಸಾರುತ್ತಿತ್ತು. ಉಳಿದ ಊರುಗಳು ಅದನ್ನು ಒಪ್ಪಿಕೊಳ್ಳುತ್ತಿದ್ದವು, ಪರೀಕ್ಷಿಸುತ್ತಿರಲಿಲ್ಲ.

ಇಂದು ತಂತಿಯ ಸ್ಥಾನದಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ತಂತು ಇದೆ. ಅದರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಈಗ ರೂಪುಗೊಳ್ಳುತ್ತಿರುವ ಕ್ವಾಂಟಮ್ ಜಾಲಗಳಲ್ಲಿ ಬೆಳಕಿನ ಕಣಗಳಾದ ಫೋಟಾನುಗಳು ಅವಳಿಗಳಾಗಿ, ಒಂದೇ ಕ್ಷಣದಲ್ಲಿ ಹುಟ್ಟಿ, ಒಂದು ಇಲ್ಲಿಗೂ ಇನ್ನೊಂದು ದೂರದ ಊರಿಗೂ ಹೋಗುತ್ತವೆ. ಇಲ್ಲಿಗೆ ಬಂದ ಕಣಕ್ಕೆ ಅಲ್ಲಿಯ ಯಾವ ಕಣ ಜೊತೆಯೆಂಬುದನ್ನು ತಿಳಿಸುವುದು ಅವು ತಲುಪಿದ ವೇಳೆ. ಆದ್ದರಿಂದ ಎರಡೂ ಕಡೆಯ ಗಡಿಯಾರಗಳು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿಗಿಂತಲೂ ನಿಕಟವಾಗಿ ಹೊಂದಬೇಕು. ಬಿಸಿಲು ಕೂಡ ಇಲ್ಲಿ ಶತ್ರು: ತಂತು ಕಾದಂತೆ ಬೆಳಕಿನ ಪಯಣ ತುಸು ದೀರ್ಘವಾಗುತ್ತದೆ.

ಸೋಜಿಗವೆಂದರೆ, ಆ ಅವಳಿಗಳೇ ಗಡಿಯಾರಗಳನ್ನೂ ಹೊಂದಿಸಬಲ್ಲವು. ಎರಡೂ ಊರಿನವರು ಕಣಗಳು ಬಂದ ವೇಳೆಯನ್ನು ಬರೆದಿಟ್ಟುಕೊಂಡು, ಒಂದು ಪಟ್ಟಿಯನ್ನು ಇನ್ನೊಂದರ ಪಕ್ಕದಲ್ಲಿ ಸರಿಸುತ್ತ ಹೋಗಬೇಕು. ಒಂದು ಸ್ಥಾನದಲ್ಲಿ ಸಾವಿರಾರು ಜೋಡಿಗಳು ಥಟ್ಟನೆ ಕೂಡಿಬರುತ್ತವೆ. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ, ಎರಡೂ ದಿಕ್ಕಿನಲ್ಲಿ ಹೀಗೆ ಮಾಡಿದರೆ ದಾರಿಯ ವಿಳಂಬ ಬೇರೆ, ಗಡಿಯಾರಗಳ ಅಂತರ ಬೇರೆ ಎಂದು ವಿಂಗಡಿಸಬಹುದು. ಈ ಲೆಕ್ಕದಲ್ಲಿ ಇಬ್ಬರೂ ಸಮಾನರು. ಒಬ್ಬರು ಹೇಳಿ ಇನ್ನೊಬ್ಬರು ಕೇಳುವ ಪದ್ಧತಿ ಇಲ್ಲಿಲ್ಲ. ನನಗೆ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದುದು ಇದೇ.

ಬಸ್ಸೇ ಅರ್ಧ ಗಂಟೆ ತಡವಾಗಿ ಬರುವ ಊರಿಗೆ ಇಷ್ಟು ಸೂಕ್ಷ್ಮವೇಕೆ ಎಂದು ಕೆಲವರು ನಗಬಹುದು. ಆದರೆ 2023ರಲ್ಲಿ ಕೇಂದ್ರ ಸರ್ಕಾರ ಸುಮಾರು 6,000 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿದೆ. ಜಾಲಗಳು ಬಂದೇ ಬರುತ್ತವೆ. ಆಗಲೂ ನಾವು ಬೇರೆಯವರು ಅಳೆದುಕೊಟ್ಟ ಸಮಯವನ್ನು ಪಡೆಯುವವರಾಗಿಯೇ ಉಳಿಯಬೇಕೆ? ಬೆಂಗಳೂರು, ದೆಹಲಿಗಳ ಪ್ರಯೋಗಶಾಲೆಗಳಿಗಷ್ಟೇ ಈ ಕೆಲಸ ಮೀಸಲಾಗಕೂಡದು. ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಲಿಯುವ ತರುಣರಿದ್ದಾರೆ. ಅವಳಿ ನಗರಗಳ ನಡುವೆ ಇರುವುದು ಸುಮಾರು 20 ಕಿ.ಮೀ.; ಅಷ್ಟು ತಂತುವನ್ನು ಬೆಳಕು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಲ್ಲಿ ದಾಟುತ್ತದೆ. ಮೇ ತಿಂಗಳ ಮಧ್ಯಾಹ್ನಕ್ಕೂ ಶ್ರಾವಣದ ಮಳೆಯ ರಾತ್ರಿಗೂ ಆ ಪಯಣದಲ್ಲಿ ಎಷ್ಟು ವ್ಯತ್ಯಾಸವಾಗುವುದೆಂದು ಇಲ್ಲಿಯ ವಿದ್ಯಾರ್ಥಿಗಳೇ ಅಳೆದು ನೋಡಲಿ.