ಗೋಮಾಳದ ಲೆಕ್ಕ ಬರೆಯುವ ಸಮಿತಿಯಲ್ಲಿ ನಾವೂ ಇರಬೇಕು



ಸಂಘದ ಸಭೆ ಸೇರಿದರೆ ನಮ್ಮ ಮಾತೆಲ್ಲ ಹಾಲಿನ ದರ, ಹಿಂಡಿ ಬೂಸಾದ ಬೆಲೆ, ಫ್ಯಾಟು, ಎಸ್‌ಎನ್‌ಎಫ್ ಸುತ್ತಲೇ ನಡೆಯುತ್ತದೆ. ಅದು ತಪ್ಪಲ್ಲ. ನಮ್ಮ ಕೈಗೆ ಬರುವ ಬಟವಾಡೆ ನಿಂತಿರುವುದೇ ಅದರ ಮೇಲೆ. ಆದರೆ ಹಸುವಿನ ಹುಲ್ಲು, ನೀರು ಎರಡೂ ಊರಿನ ಗೋಮಾಳ, ಕೆರೆ, ಗೋಕಟ್ಟೆ, ಹಳ್ಳಗಳನ್ನು ನಂಬಿಕೊಂಡಿವೆ. ಗೋಮಾಳ ಕಿರಿದಾದಷ್ಟೂ ಕೊಂಡು ತರುವ ಮೇವಿನ ಹೊರೆ ಹಿರಿದಾಗುತ್ತದೆ. ಕೆರೆಗೆ ಕೊಳಚೆ ಸೇರಿದರೆ ಕೊಡ ಹೊತ್ತು ದೂರದಿಂದ ನೀರು ತರುವವರು ಮನೆಯ ಹೆಂಗಸರೇ. ಹಾಗಿದ್ದರೂ ಈ ನೆಲ, ನೀರಿನ ಬಗ್ಗೆ ತೀರ್ಮಾನ ನಡೆಯುವ ಕಡೆ ನಮ್ಮ ದನಿ ಕೇಳುವುದು ಅಪರೂಪ.

ಆ ದನಿಗೆ ಕಾನೂನೇ ಒಂದು ಜಾಗ ಮಾಡಿಕೊಟ್ಟಿದೆ. ಅದರ ಹೆಸರು ಜೀವವೈವಿಧ್ಯ ನಿರ್ವಹಣಾ ಸಮಿತಿ. ಹೆಸರು ಉದ್ದವಾಗಿದೆ, ಬಾಯಿಗೆ ಹಿಡಿಯುವುದಿಲ್ಲ, ನಿಜ. ಆದರೆ ಇದು ನಮ್ಮ ಕೊಟ್ಟಿಗೆಗೆ ಬಹಳ ಹತ್ತಿರದ ಸಮಿತಿ.

ಸಮಿತಿ ಎಂದರೆ ಏನು?

2002ರ ಜೈವಿಕ ವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿಯಿಂದ ಹಿಡಿದು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆವರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಇಂಥ ಸಮಿತಿಯನ್ನು ರಚಿಸಬೇಕು. 2004ರ ನಿಯಮಗಳು ಅದರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕೆಂದು ಹೇಳಿದವು. ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದಿದೆ, ಆದರೆ ಸಮಿತಿ ಹಾಗೇ ಉಳಿದಿದೆ.

ಅದರ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು. ಊರಿನ ಬೆಳೆ, ಮೇವಿನ ಹುಲ್ಲು, ಕಳೆ, ಮರ, ಔಷಧಿ ಗಿಡ, ಮೀನು, ಸಾಕುಪ್ರಾಣಿ ತಳಿ, ಕೆರೆಕಟ್ಟೆ, ಹುಲ್ಲುಗಾವಲು, ನಾಟಿ ವೈದ್ಯರ ತಿಳಿವಳಿಕೆ ಎಲ್ಲವೂ ಈ ಪುಸ್ತಕಕ್ಕೆ ಸೇರಬೇಕು. ಅದೂ ಊರಿನವರನ್ನು ಕೇಳಿಯೇ ಬರೆಯಬೇಕು. ಇಂಥ ದಾಖಲಾತಿಯ ಆಲೋಚನೆಯನ್ನು 1990ರ ದಶಕದಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಮುಖ್ಯರು. ಪರಿಸರದ ಬಗ್ಗೆ ಹೆಚ್ಚು ಬಲ್ಲವರು ಅದರ ಜೊತೆ ದಿನವೂ ಬದುಕುವವರು ಎಂಬುದೇ ಅದರ ತಿರುಳು.

ಹಾಗಾದರೆ ಯಾವ ಹುಲ್ಲು ತಿಂದರೆ ಹಾಲು ಗಟ್ಟಿ, ಕಾಂಗ್ರೆಸ್ ಗಿಡ ಬಾಯಿಗೆ ಬಿದ್ದರೆ ಹಾಲು ಕಹಿ, ಯಾವ ಕಟ್ಟೆಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ, ಬಳ್ಳಾರಿ ಜಾಲಿ ಯಾವ ವರ್ಷದಿಂದ ಕಾವಲನ್ನು ನುಂಗತೊಡಗಿತು, ಇದೆಲ್ಲ ಗೊತ್ತಿರುವುದು ಯಾರಿಗೆ? ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಮೇವಿಗೆ ಹೊರಡುವ ನಮಗೇ ಅಲ್ಲವೇ?

ಸಲಹೆಗೆ ಬೆಲೆ ಇದೆಯೇ?

'ಇದು ಸಲಹೆ ಕೊಡುವ ಸಮಿತಿ, ಅಧಿಕಾರವಿಲ್ಲ, ಹೋಗಿ ಏನು ಪ್ರಯೋಜನ?' ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಒತ್ತುವರಿ ತೆರವು ಮಾಡಿಸುವ ಅಧಿಕಾರ ತಹಶೀಲ್ದಾರರದು. ಗೋಮಾಳವನ್ನು ಬೇರೆ ಕೆಲಸಕ್ಕೆ ಕೊಡುವ, ಕೊಡದಿರುವ ತೀರ್ಮಾನ ಕಂದಾಯ ಇಲಾಖೆಯದು. ಸಮಿತಿ ಒಂದು ಕಾಗದ ಬರೆದ ಮಾತ್ರಕ್ಕೆ ಜೆಸಿಬಿ ನಿಲ್ಲುವುದಿಲ್ಲ.

ಆದರೂ ಸಮಿತಿಗೆ ಎರಡು ಬಲಗಳಿವೆ. ಮೊದಲನೆಯದು, ಅದರ ವ್ಯಾಪ್ತಿಯ ಜೈವಿಕ ಸಂಪನ್ಮೂಲದ ಬಳಕೆ ಬಗ್ಗೆ ತೀರ್ಮಾನ ಮಾಡುವಾಗ ರಾಜ್ಯ ಮಂಡಳಿ, ರಾಷ್ಟ್ರೀಯ ಪ್ರಾಧಿಕಾರ ಎರಡೂ ಸಮಿತಿಯನ್ನು ಕೇಳಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಎರಡನೆಯದು ದಾಖಲಾತಿ. ಬರೆದಿಟ್ಟದ್ದಕ್ಕೆ ಇರುವ ತೂಕ ಬಾಯಿಮಾತಿಗೆ ಇಲ್ಲ. ಡೇರಿಯಲ್ಲಿ ನಮ್ಮ ಹಾಲಿನ ಅಳತೆ ಪಾಸ್‌ಬುಕ್ಕಿನಲ್ಲಿ ಇರದಿದ್ದರೆ ತಿಂಗಳ ಕೊನೆಗೆ ಜಗಳ ಆಡಿ ಏನು ಫಲ? ಊರಿನ ನೆಲಕ್ಕೂ ಅದೇ ಮಾತು.

ಬೇರೆ ದೇಶದವರೂ ಇದನ್ನೇ ಕಂಡುಕೊಂಡಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಚಿಕ್ಕ ಪಟ್ಟಣಗಳಲ್ಲಿ ಸಂರಕ್ಷಣಾ ಸಲಹಾ ಮಂಡಳಿಗಳಿವೆ. ಅವು ಮೊದಲು ಮಾಡುವ ಕೆಲಸ ಪಟ್ಟಣದ ಬಯಲು, ಜೌಗು, ಹಳ್ಳಗಳ ಪಟ್ಟಿ ಮತ್ತು ನಕ್ಷೆ. ಆ ಪಟ್ಟಿಯನ್ನು ಪಟ್ಟಣದ ಆಡಳಿತ ಒಪ್ಪಿ ಮಂಡಳಿಗೆ ಮೇಲಿನ ಸ್ಥಾನ ಕೊಟ್ಟರೆ, ಪಟ್ಟಿಯಲ್ಲಿರುವ ಜಾಗದಲ್ಲಿ ಯಾರು ಏನು ಕಟ್ಟಲು ಅರ್ಜಿ ಹಾಕಿದರೂ ಅದು ಮಂಡಳಿಯ ಮುಂದೆ ಬರುತ್ತದೆ. ಮಂಡಳಿ ಅದರ ಮೇಲೆ ಬರಹದಲ್ಲಿ ವರದಿ ಕೊಡುತ್ತದೆ. ಅಲ್ಲಿಯೂ ಕೊನೆಯ ತೀರ್ಮಾನ ಮಂಡಳಿಯದಲ್ಲ. ಆದರೆ ಯಾರಿಗೂ ತಿಳಿಯದಂತೆ ನೆಲ ಕೈತಪ್ಪುವುದು ಅಷ್ಟು ಸುಲಭವಲ್ಲ.

ತಿಳಿಯದೆ ಕೈತಪ್ಪಿದರೆ ಏನಾಗುತ್ತದೆಂದು ನಮ್ಮಲ್ಲೇ ನೋಡಿದ್ದೇವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಡಲಾಯಿತು. ತಮ್ಮನ್ನು ಮೊದಲೇ ಕೇಳಲಿಲ್ಲ ಎಂಬುದು ಅಲ್ಲಿ ದನ, ಕುರಿ ಮೇಯಿಸುತ್ತಿದ್ದವರ ದೂರು. ವಿಷಯ ಹಸಿರು ನ್ಯಾಯಮಂಡಳಿವರೆಗೆ ಹೋಯಿತು. ದೇಶಕ್ಕೆ ಸಂಶೋಧನಾ ಸಂಸ್ಥೆ ಬೇಡವೆಂದು ಯಾರೂ ಹೇಳುವುದಿಲ್ಲ. ಮೇಯುವ ನೆಲ ಹೋಗುವ ಮುಂಚೆ ಮೇಯಿಸುವವರನ್ನು ಕೇಳಿ ಎನ್ನುವುದಷ್ಟೇ ಮಾತು.

ಇದಕ್ಕೆ ಎದುರಾದ ಒಳ್ಳೆಯ ಮಾತೂ ಇದೆ. ದೇವನಹಳ್ಳಿ ಬಳಿಯ ನಲ್ಲೂರಿನ 54 ಎಕರೆ ಹುಣಸೆ ತೋಪು ಇದೇ ಕಾಯ್ದೆಯಡಿ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸುತ್ತ ವಿಮಾನ ನಿಲ್ದಾಣ, ಬಡಾವಣೆಗಳು ಬೆಳೆದ ಕಡೆ ಒಂದು ಹಳೆಯ ತೋಪಿಗೆ ಕಾಯ್ದೆಯ ಆಸರೆ ಸಿಕ್ಕಿತು.

ಲೆಕ್ಕಕ್ಕೆ ಬಾರದ ಹಸು, ಹೆಚ್ಚುವರಿಯಾಗುವ ಗೋಮಾಳ

ಇನ್ನೊಂದು ಮುಖ್ಯ ಸಂಗತಿ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಲೆಕ್ಕದಲ್ಲಿ ಗೋಮಾಳ ಬಿಡಬೇಕು. ಇದನ್ನು ತಿರುಗಿಸಿ ಓದಿ. ಊರಿನಲ್ಲಿ 300 ರಾಸು ಇದ್ದು, ಕಾಗದದಲ್ಲಿ 150 ಇದ್ದರೆ ಉಳಿದ ಗೋಮಾಳ 'ಹೆಚ್ಚುವರಿ' ಆಗುತ್ತದೆ. ಹೆಚ್ಚುವರಿ ಆದದ್ದು ಬೇರೆ ಕೆಲಸಕ್ಕೆ ಹೋಗುತ್ತದೆ. ಜಾನುವಾರು ಗಣತಿಗೆ ಬಂದವರಿಗೆ ಕರು, ಕಡಸು, ಬತ್ತಿದ ಹಸು, ಎಮ್ಮೆ ಒಂದನ್ನೂ ಬಿಡದೆ ಹೇಳಬೇಕಾದದ್ದು ಇದಕ್ಕೇ. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಕಿವಿ ಓಲೆ ಹಾಕಿಸಿಕೊಂಡರೆ ಆ ಲೆಕ್ಕಕ್ಕೂ ಒಂದು ಆಧಾರ ಸಿಗುತ್ತದೆ.

'ನಮ್ಮದು ಸೀಮೆಹಸು, ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುತ್ತೇವೆ, ಗೋಮಾಳ ಯಾಕೆ?' ಎನ್ನುವವರೂ ಇದ್ದಾರೆ. ಕರೆಯುವ ಹಸು ಕೊಟ್ಟಿಗೆಯಲ್ಲಿದ್ದರೂ ಕಡಸು, ಬತ್ತಿದ ಹಸು, ಕುರಿ, ಮೇಕೆ ಎಲ್ಲಿ ಮೇಯಬೇಕು? ಸ್ವಂತ ಜಮೀನಿಲ್ಲದ ಅಕ್ಕ ಎಲ್ಲಿಂದ ಹುಲ್ಲು ಕೊಯ್ದು ತರಬೇಕು? ಬಯಲಿನ ಮೇಲೆ ಬಿದ್ದ ಮಳೆ ಹಳ್ಳ ಹಿಡಿದು ಕೆರೆ ಸೇರದಿದ್ದರೆ ನಮ್ಮ ಸೀಮೆಹುಲ್ಲಿಗೆ ನೀರು ಕೊಡುವ ಕೊಳವೆಬಾವಿ ಎಷ್ಟು ದಿನ ಬಂದೀತು? ಬರಗಾಲದ ವರ್ಷ ಗೋಮಾಳವೇ ಕೊನೆಯ ಆಸರೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಮುಚ್ಚಿಡಬಾರದು. ನಮ್ಮ ಸಂಘಗಳ ಎಷ್ಟೋ ಸದಸ್ಯೆಯರ ಮನೆಯವರೇ ಗೋಮಾಳದಲ್ಲಿ ಒಂದೆರಡು ಎಕರೆ ಉಳುಮೆ ಮಾಡಿಕೊಂಡು ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಗೋಮಾಳದ ಮಾತೆತ್ತಿದರೆ ಅವರಿಗೆ ಎದೆ ಝಲ್ಲೆನ್ನುತ್ತದೆ. ಊರಿನ ಸಾರ್ವಜನಿಕ ನೆಲದ ಒತ್ತುವರಿ ತೆರವಾಗಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದಾಗಲೂ, ಭೂಮಿಯಿಲ್ಲದ ಕೂಲಿಕಾರರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ನಿಯಮದಂತೆ ಕೊಟ್ಟದ್ದನ್ನು ಬೇರೆಯಾಗಿಯೇ ನೋಡಿತು. ಹೊಟ್ಟೆಪಾಡಿಗೆ ಒಂದು ಎಕರೆ ಉಳುವವರನ್ನೂ ರಾತ್ರೋರಾತ್ರಿ ಬೇಲಿ ಹಾಕಿ ಬಡಾವಣೆ ಮಾಡುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇದನ್ನು ಊರಿನವರೇ ಕೂತು ಮಾತನಾಡಿ ಬಗೆಹರಿಸುವುದು ಒಳ್ಳೆಯದು. ಅದಕ್ಕೂ ಈ ಸಮಿತಿ ಒಂದು ದಾರಿ. ನಾವು ಸುಮ್ಮನಿದ್ದರೆ ಲಾಭವಾಗುವುದು ಬಡವರಿಗಲ್ಲ, ಬಲ್ಲಿದರಿಗೆ.

ಕಾಗದದ ಸಮಿತಿ ಬೇಡ

2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎಲ್ಲ ರಾಜ್ಯಗಳಿಗೂ ಗಡುವು ಕೊಟ್ಟಿತು. 2020ರ ಜನವರಿ 31ರೊಳಗೆ ಸಮಿತಿ, ದಾಖಲಾತಿ ಎರಡನ್ನೂ ಮುಗಿಸದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದಿತು. ಗಡುವಿನ ಅವಸರದಲ್ಲಿ ಎಷ್ಟೋ ಕಡೆ ಊರಿನವರನ್ನು ಕೇಳದೆಯೇ ಪುಸ್ತಕ ತುಂಬಿತು. ಹೀಗಾಗಿ ನಿಮ್ಮ ಪಂಚಾಯಿತಿಯಲ್ಲೂ ಸಮಿತಿ ಇರಬಹುದು, ಅದರಲ್ಲಿ ಹೆಂಗಸರ ಹೆಸರೂ ಇರಬಹುದು, ಆದರೆ ಹೆಸರಿದ್ದವರಿಗೇ ಆ ಸಂಗತಿ ಗೊತ್ತಿಲ್ಲದಿರಬಹುದು. ಬೀರುವಿನಲ್ಲಿ ಬೀಗ ಹಾಕಿದ ಪುಸ್ತಕ ಯಾವ ಕೆರೆಯನ್ನೂ ಉಳಿಸುವುದಿಲ್ಲ.

ಆದ್ದರಿಂದ ಈ ಕೆಲಸಗಳನ್ನು ನಾವು ಕೈಗೆತ್ತಿಕೊಳ್ಳೋಣ.

1. ನಾಲ್ಕೈದು ಜನ ಒಟ್ಟಾಗಿ ಪಂಚಾಯಿತಿಗೆ ಹೋಗಿ, ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರ ಪಟ್ಟಿ ಮತ್ತು ದಾಖಲಾತಿ ತೋರಿಸಿ ಎಂದು ಪಿಡಿಒ ಅವರನ್ನು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು.

2. ದಾಖಲಾತಿಯಲ್ಲಿ ನಿಮ್ಮೂರಿನ ಗೋಮಾಳ, ಗುಂಡುತೋಪು, ಗೋಕಟ್ಟೆ, ಕೆರೆಗೆ ನೀರು ಬರುವ ಕಾಲುವೆ ಸರ್ವೆ ನಂಬರಿನ ಸಮೇತ ಇವೆಯೇ ನೋಡಿ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ, ನಿಮ್ಮ ಸೀಮೆಯ ತಳಿ ಯಾವುದಿದ್ದರೂ ಸೇರಿದೆಯೇ ನೋಡಿ. ಇಲ್ಲದಿದ್ದರೆ ಸೇರಿಸಲು ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ.

3. ಸಮಿತಿ ಹೊಸದಾಗಿ ರಚನೆಯಾಗುವಾಗ ಹಾಲು ಸಂಘದ ಸದಸ್ಯೆಯೊಬ್ಬರ ಹೆಸರನ್ನು ಗ್ರಾಮಸಭೆಯಲ್ಲಿ ಸೂಚಿಸಿ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದೇ ಆಗಿರುವುದರಿಂದ ಆ ಮಾತಿಗೆ ಜೊತೆಯಾಗುವವರು ಅಲ್ಲೇ ಇರುತ್ತಾರೆ.

ಈ ಕೆಲಸಕ್ಕೆ ದೊಡ್ಡ ಓದು ಬೇಡ. ಮುಂಜಾನೆ, ಸಂಜೆ ತಪ್ಪದೆ ಹಾಲು ಅಳೆದು, ಚೀಟಿ ನೋಡಿ, ಲೆಕ್ಕ ತಾಳೆ ಹಾಕುವ ನಮಗೆ ಊರಿನ ನೆಲ, ನೀರಿನ ಲೆಕ್ಕ ನೋಡುವುದು ಕಷ್ಟವಲ್ಲ. ಮುಂದಿನ ಗ್ರಾಮಸಭೆಯ ದಿನ ಹಾಲು ಹಾಕಿ ಮನೆಗೆ ಹೋಗುವ ಬದಲು ನೇರ ಸಭೆಗೆ ಹೋಗೋಣ. ಒಬ್ಬರೇ ಹೋಗುವುದು ಬೇಡ, ಸಂಘದವರೆಲ್ಲ ಒಟ್ಟಿಗೆ ಹೋಗೋಣ.