ಏಳು ಶಿಲಿಂಗಿನ ಊರು

ಇಂಗ್ಲೆಂಡಿನ ಹಳ್ಳಿ ಎಂದ ಕೂಡಲೇ ನಮ್ಮವರ ಕಣ್ಣಿಗೆ ಕಟ್ಟುವುದು ಹುಲ್ಲು ಹೊದಿಸಿದ ಬಿಳಿಗೋಡೆಯ ಮನೆ, ಗೋಡೆಗೆ ಹಬ್ಬಿದ ಹೂಬಳ್ಳಿ, ಕಲ್ಲಿನ ಚರ್ಚು, ಇಳಿಜಾರಿನಲ್ಲಿ ಮೇಯುವ ಕುರಿ. ಶಾಲೆಯ ಪದ್ಯಪುಸ್ತಕದಿಂದ ಹಿಡಿದು ಬಿಸ್ಕತ್ತು ಡಬ್ಬಿಯ ಮುಚ್ಚಳದವರೆಗೆ ಇದೇ ಚಿತ್ರ. ಅದರಲ್ಲಿ ಹೊಲವಿದೆ, ಹೊಲ ಉತ್ತವನಿಲ್ಲ. ಒಲೆಯ ಹೊಗೆಯಿದೆ, ಒಲೆಯ ಮೇಲೆ ಏನು ಬೇಯುತ್ತಿತ್ತೆಂಬ ಸುದ್ದಿಯಿಲ್ಲ. ಆ ಮಾಡಿನ ಕೆಳಗೆ ಯಾರು ಹಸಿದು ಮಲಗಿದರು, ಆ ಇಳಿಜಾರಿನಿಂದ ಯಾರನ್ನು ಎಬ್ಬಿಸಿ ಕುರಿ ಬಿಟ್ಟರು ಎಂದು ಕೇಳದೆ ಈ ಚೆಲುವನ್ನು ಮೆಚ್ಚಿಕೊಳ್ಳುವುದು ನನ್ನಿಂದಾಗದು.

ಒಂದೇ ಒಂದು ಊರನ್ನು ಹಿಡಿದು ಕೇಳುತ್ತೇನೆ. ಟಾಲ್‌ಪಡಲ್. ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆ, ಡಾರ್ಚೆಸ್ಟರ್ ಪಟ್ಟಣದಿಂದ ಪೂರ್ವಕ್ಕೆ ಏಳೆಂಟು ಮೈಲಿ, ಪಿಡಲ್ ಎಂಬ ಪುಟ್ಟ ಹೊಳೆಯ ಬದಿ. ಸುತ್ತ ಸುಣ್ಣದ ಕಲ್ಲಿನ ದಿಬ್ಬಗಳು, ಗೋಧಿ ಬಾರ್ಲಿಯ ಬಯಲು. 1830ರ ದಶಕದ ಆರಂಭದಲ್ಲಿ ಇಲ್ಲಿ ಹೊಲದಾಳಿಗೆ ವಾರಕ್ಕೆ ಒಂಬತ್ತು ಶಿಲಿಂಗು ಕೂಲಿ. ಸುತ್ತಲ ಪ್ರದೇಶದಲ್ಲಿ ಹತ್ತು ಕೊಡುತ್ತಿದ್ದರು. ಆಳುಗಳು ನಮಗೂ ಹತ್ತು ಕೊಡಿ ಎಂದರು. ಧಣಿಗಳು ಒಪ್ಪಿದರು. ಮಾತು ನಡೆದದ್ದು ಊರ ಪಾದ್ರಿಯ ಎದುರು; ನೀವು ನೆಮ್ಮದಿಯಿಂದ ಕೆಲಸಕ್ಕೆ ಹೋಗಿ, ಕೊಟ್ಟ ಮಾತು ನಡೆಯುವಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಆತ ಭರವಸೆ ಕೊಟ್ಟ ಎಂದು ಆಳುಗಳ ಮುಂದಾಳು ಜಾರ್ಜ್ ಲವ್‌ಲೆಸ್ ಆಮೇಲೆ ಬರೆದಿದ್ದಾನೆ. ಕೂಲಿ ಹತ್ತಕ್ಕೆ ಏರಲಿಲ್ಲ. ಒಂಬತ್ತು ಎಂಟಾಯಿತು. ಎಂಟು ಏಳಾಯಿತು. ಇನ್ನು ಆರೇ ಎಂದರು. ಪಾದ್ರಿಯನ್ನು ಕೇಳಿದರೆ, ಅಂಥ ಮಾತಿಗೆ ನಾನು ಸಾಕ್ಷಿಯೇ ಆಗಿರಲಿಲ್ಲ ಎಂದುಬಿಟ್ಟ.

ದೇವರ ಹೆಸರಿನಲ್ಲಿ ಕೊಟ್ಟ ಭಾಷೆಯನ್ನು ಧಣಿಯ ಮುಖ ನೋಡಿ ನುಂಗಿದವನಿಗೆ ಶಿಕ್ಷೆಯಿರಲಿಲ್ಲ. ಶಿಕ್ಷೆಯಾದದ್ದು ಹಸಿದವರು ತಮ್ಮತಮ್ಮಲ್ಲೇ ಕೊಟ್ಟುಕೊಂಡ ಭಾಷೆಗೆ.

ಅವರು ಇಷ್ಟು ಕಡಿಮೆ ಕೂಲಿಗೆ ಕೈಚಾಚಿ ನಿಲ್ಲುವ ಗತಿಗೆ ಬಂದದ್ದು ಹೇಗೆ? ಒಂದು ಕಾಲಕ್ಕೆ ಇಂಗ್ಲೆಂಡಿನ ಹಳ್ಳಿಯ ಬಡವನಿಗೂ ಗೋಮಾಳವಿತ್ತು. ಹಸು ಮೇಯಿಸಬಹುದಿತ್ತು, ಸೌದೆ ಆಯಬಹುದಿತ್ತು. 1760ರ ಆಚೀಚೆಯಿಂದ ಸುಮಾರು ನೂರು ವರ್ಷಗಳಲ್ಲಿ ಪಾರ್ಲಿಮೆಂಟು ನಾಲ್ಕು ಸಾವಿರಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಹೊರಡಿಸಿತು. ಸುಮಾರು 68 ಲಕ್ಷ ಎಕರೆಗೆ ಬೇಲಿ ಬಿತ್ತು. ಕಾಯ್ದೆ ಮಾಡಿದವರೂ ಭೂಮಾಲೀಕರೇ, ಬೇಲಿ ಹಾಕಿಕೊಂಡವರೂ ಭೂಮಾಲೀಕರೇ. ಹಸು ಕಳೆದುಕೊಂಡವನು ಆಳಾದ. ಚಳಿಗಾಲದಲ್ಲಿ ಆಳಿಗೆ ಉಳಿದಿದ್ದ ಒಕ್ಕಣೆ ಕೆಲಸವನ್ನೂ ಯಂತ್ರ ಕಿತ್ತುಕೊಂಡಿತು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಆಳುಗಳು ರೊಚ್ಚಿಗೆದ್ದು ಯಂತ್ರಗಳನ್ನು ಪುಡಿ ಮಾಡಿದಾಗ ಸರ್ಕಾರ 19 ಮಂದಿಯನ್ನು ನೇಣಿಗೆ ಹಾಕಿತು, ಐನೂರರ ಹತ್ತಿರ ಜನರನ್ನು ಸಮುದ್ರದಾಚೆಗೆ ಸಾಗಿಸಿತು.

ಟಾಲ್‌ಪಡಲ್‌ನಿಂದ ಐದಾರು ಮೈಲಿ ಉತ್ತರಕ್ಕೆ ಮಿಲ್ಟನ್ ಅಬ್ಬಾಸ್ ಎಂಬ ಊರಿದೆ. ಇಳಿಜಾರು ಬೀದಿಯ ಎರಡೂ ಬದಿಗೆ ಒಂದೇ ಅಚ್ಚಿನ ಹುಲ್ಲುಮಾಡಿನ ಮನೆಗಳು. ಇಂಗ್ಲೆಂಡಿನ ಅತಿ ಚೆಲುವಾದ ಬೀದಿಗಳಲ್ಲಿ ಇದೂ ಒಂದೆಂದು ಪ್ರವಾಸಿಗರು ಬಂದು ಫೋಟೋ ಹಿಡಿದು ಹೋಗುತ್ತಾರೆ. ಆ ಚೆಲುವಿನ ಹುಟ್ಟನ್ನು ಕೇಳಿ. ಹಿಂದೆ ಅಲ್ಲೊಂದು ಸಂತೆಪೇಟೆಯಿತ್ತು. ಶಾಲೆಯಿತ್ತು, ಅಂಗಡಿಗಳಿದ್ದವು, ಪೂರ್ವಿಕರ ಗೋರಿಗಳಿದ್ದವು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜೋಸೆಫ್ ಡೇಮರ್ ಎಂಬ ಪ್ರಭುವಿಗೆ ತನ್ನ ಮಹಲಿನ ಎದುರು ಜನವಸತಿ ಕಾಣುವುದೇ ಬೇಡವಾಯಿತು. ಇಡೀ ಪೇಟೆಯನ್ನು ಕೆಡವಿಸಿದ. ಉದ್ಯಾನ ರೂಪಿಸುವುದರಲ್ಲಿ ದೊಡ್ಡ ಹೆಸರು ಮಾಡಿದ್ದ ಕೇಪಬಿಲಿಟಿ ಬ್ರೌನ್‌ನನ್ನು ಕರೆಸಿ ಆ ಜಾಗದಲ್ಲಿ ಹುಲ್ಲುಗಾವಲು ಹಬ್ಬಿಸಿದ. ಒಕ್ಕಲೆದ್ದವರಲ್ಲಿ ಕೆಲವರಿಗೆ ಕಣಿವೆಯ ಮರೆಯಲ್ಲಿ, ತನ್ನ ಕಿಟಕಿಗೆ ಕಾಣದಂತೆ, ಈ ಸಾಲುಮನೆಗಳನ್ನು ಕಟ್ಟಿಸಿಕೊಟ್ಟ. ನಮ್ಮಲ್ಲಿ ಕೇರಿಯನ್ನು ಊರಿನ ಕಣ್ಣಿಗೆ ಬೀಳದಂತೆ ಇಟ್ಟವರ ಮನಸ್ಸಿಗೂ ಈ ಪ್ರಭುವಿನ ಮನಸ್ಸಿಗೂ ಏನು ವ್ಯತ್ಯಾಸವೆಂದು ನನಗೆ ಯಾರಾದರೂ ಹೇಳಲಿ.

1833ರ ಅಕ್ಟೋಬರಿನಲ್ಲಿ ಟಾಲ್‌ಪಡಲ್‌ನ ಆಳುಗಳು ಸಂಘ ಕಟ್ಟಿದರು. ಜಾರ್ಜ್ ಲವ್‌ಲೆಸ್, ಅವನ ತಮ್ಮ ಜೇಮ್ಸ್, ಭಾವ ಥಾಮಸ್ ಸ್ಟ್ಯಾಂಡ್‌ಫೀಲ್ಡ್, ಥಾಮಸನ ಮಗ ಜಾನ್, ಜೊತೆಗೆ ಜೇಮ್ಸ್ ಬ್ರೈನ್ ಎಂಬ ಹುಡುಗ, ಇನ್ನೂ ಹಲವರು. ಜಾರ್ಜ್ ಮೆಥಡಿಸ್ಟ್ ಪಂಥದ ಉಪದೇಶಕ. ಹಗಲು ಉತ್ತು, ಭಾನುವಾರ ಬೋಧಿಸಿ, ಉಳಿದ ಹೊತ್ತಿನಲ್ಲಿ ಓದಿಕೊಂಡವನು. ಥಾಮಸನ ಮನೆಯಲ್ಲಿ ಸಭೆ ಸೇರುತ್ತಿತ್ತು. ಹೊಸಬನ ಕಣ್ಣಿಗೆ ಬಟ್ಟೆ ಕಟ್ಟುವುದು, ಬಿಚ್ಚಿದಾಗ ಎದುರಿಗೆ ಅಸ್ಥಿಪಂಜರದ ಚಿತ್ರ, ಬೈಬಲ್ ಮುಟ್ಟಿ ಆಣೆ: ಸಂಘದ ಗುಟ್ಟು ಬಿಡುವುದಿಲ್ಲ, ಜೊತೆಗಾರರಿಗೆ ದ್ರೋಹ ಬಗೆಯುವುದಿಲ್ಲ. ಅವರು ಯಾರ ಬಣವೆಗೂ ಬೆಂಕಿ ಇಡಲಿಲ್ಲ, ಯಾರ ಮೇಲೂ ಕೈ ಮಾಡಲಿಲ್ಲ.

ಭೂಮಾಲೀಕನೂ ಮ್ಯಾಜಿಸ್ಟ್ರೇಟನೂ ಆಗಿದ್ದ ಜೇಮ್ಸ್ ಫ್ರ್ಯಾಂಪ್ಟನ್‌ಗೆ ಇದು ಸಹ್ಯವಾಗಲಿಲ್ಲ. ಆದರೆ ಹಿಡಿಯಲು ಕಾನೂನು ಬೇಕಲ್ಲ? ಕೂಲಿಗಾರರು ಸಂಘ ಕಟ್ಟುವುದು ಅಪರಾಧವೆಂಬ ಕಾಯ್ದೆ 1824ರಲ್ಲೇ ರದ್ದಾಗಿತ್ತು. ಗೃಹಮಂತ್ರಿ ಲಾರ್ಡ್ ಮೆಲ್ಬರ್ನ್‌ಗೆ ಪತ್ರ ಬರೆದು, ಹುಡುಕಿ, ಕೊನೆಗೆ ಒಂದನ್ನು ಹಿರಿದು ತೆಗೆದರು. ಹಡಗಿನ ನಾವಿಕರ ದಂಗೆಯನ್ನು ಅಡಗಿಸಲು 1797ರಲ್ಲಿ ಮಾಡಿದ್ದ ಅಕ್ರಮ ಆಣೆಗಳ ಕಾಯ್ದೆ ಅದು. ಉಳುವವನ ಕೊರಳಿಗೆ ನಾವಿಕನ ಕುಣಿಕೆ! ಅದೇ ಕಾಲಕ್ಕೆ ಪ್ರೊಟೆಸ್ಟೆಂಟರ ಆರೆಂಜ್ ಸಂಘಗಳಲ್ಲೂ ಗುಟ್ಟಿನ ಆಣೆ ನಡೆಯುತ್ತಿತ್ತು; ಅವುಗಳ ನೆತ್ತಿಯಲ್ಲಿ ಕೂತಿದ್ದವನು ದೊರೆಯ ತಮ್ಮ, ಕಂಬರ್ಲೆಂಡಿನ ಡ್ಯೂಕ್. ಅವನ ಬಾಗಿಲನ್ನು ಯಾವ ಪೊಲೀಸನೂ ತಟ್ಟಲಿಲ್ಲ.

1834ರ ಫೆಬ್ರವರಿ 24ರಂದು ಆರು ಮಂದಿಯನ್ನು ಹಿಡಿದರು. ಆರನೆಯವನು ಜೇಮ್ಸ್ ಹ್ಯಾಮೆಟ್. ಸಭೆಯಲ್ಲಿದ್ದವನು ಅವನ ತಮ್ಮ, ತಮ್ಮನ ಹೆಂಡತಿ ಬಸುರಿಯಾಗಿದ್ದುದರಿಂದ ತಾನೇ ಕೈಕೋಳಕ್ಕೆ ಕೈಯೊಡ್ಡಿದ ಎಂಬುದು ಅಲ್ಲಿಯ ಜನ ಇಂದಿಗೂ ಹೇಳುವ ಮಾತು. ಮಾರ್ಚಿನಲ್ಲಿ ಡಾರ್ಚೆಸ್ಟರಿನ ನ್ಯಾಯಾಲಯದಲ್ಲಿ ವಿಚಾರಣೆ. ಮೊಕದ್ದಮೆ ನಡೆಯತಕ್ಕದ್ದೇ ಎಂದು ತೀರ್ಮಾನಿಸುವ ಹಿರಿಯ ಜ್ಯೂರಿಯಲ್ಲಿ ದೂರು ಹೊರಿಸಿದ ಫ್ರ್ಯಾಂಪ್ಟನ್ನನೇ ಕೂತಿದ್ದ. ಅದರ ಮುಖ್ಯಸ್ಥ ಗೃಹಮಂತ್ರಿಯ ಭಾವಮೈದುನ. ತೀರ್ಪು ಏಳು ವರ್ಷ ಗಡೀಪಾರು. ನೀವು ಮಾಡಿದ ಯಾವುದೋ ಕೃತ್ಯಕ್ಕಾಗಿ ಈ ಶಿಕ್ಷೆಯಲ್ಲ, ಉಳಿದವರಿಗೆ ಪಾಠವಾಗಲೆಂದು ಎಂಬ ಅರ್ಥದಲ್ಲಿ ನ್ಯಾಯಾಧೀಶ ಹೇಳಿದನೆಂದು ಲವ್‌ಲೆಸ್ ದಾಖಲಿಸಿದ್ದಾನೆ. ಗಂಡಸರನ್ನು ಹಡಗಿಗೆ ಹತ್ತಿಸಿದ ಮೇಲೆ ಹೆಂಡಿರು ಮಕ್ಕಳು ಬಡವರ ಸಹಾಯಧನಕ್ಕೆ ಹೋದರೆ ಫ್ರ್ಯಾಂಪ್ಟನ್ ಅದನ್ನೂ ತಡೆದ. ಎಳೆಕೂಸುಗಳ ಹಸಿವೂ ಅವನ ಪಾಠದ ಭಾಗವೇ ಆಗಿತ್ತು.

ಈಗ ಅದೇ ಜಿಲ್ಲೆ, ಅದೇ ವರ್ಷ. ಟಾಲ್‌ಪಡಲ್‌ನಿಂದ ಹತ್ತು ಮೈಲಿಯೊಳಗೆ ಚಾರ್ಬರೊ ಎಂಬ ಜಹಗೀರು. ಡ್ರ್ಯಾಕ್ಸ್ ಮನೆತನದ್ದು. 1640ರ ದಶಕದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಕಬ್ಬಿನ ತೋಟದ ದಂಧೆಗೆ ದಾರಿ ಹಾಕಿದವರಲ್ಲಿ ಈ ಮನೆತನದ ಜೇಮ್ಸ್ ಡ್ರ್ಯಾಕ್ಸ್ ಮೊದಲಿಗ. ಆಫ್ರಿಕಾದಿಂದ ಹಿಡಿದು ತಂದ ಜನರ ರಕ್ತ ಹಿಂಡಿ ಸಕ್ಕರೆ ಮಾಡಿದವನು. 1833ರ ಕಾಯ್ದೆ ಗುಲಾಮಗಿರಿಯನ್ನು ರದ್ದು ಮಾಡಿತು ಎಂದು ಬ್ರಿಟನ್ ಇವತ್ತಿಗೂ ಎದೆಯುಬ್ಬಿಸುತ್ತದೆ. ಆ ಕಾಯ್ದೆ ಎರಡು ಕೋಟಿ ಪೌಂಡು ಪರಿಹಾರ ಕೊಟ್ಟಿತು. ಯಾರಿಗೆ? ಬೆನ್ನ ಮೇಲೆ ಬಾಸುಂಡೆ ಹೊತ್ತವರಿಗೆ ಒಂದು ಕಾಸಿಲ್ಲ. ಚಾಟಿ ಹಿಡಿದಿದ್ದವರಿಗೆ ಅಷ್ಟೂ ಹಣ. 189 ಮನುಷ್ಯರ ಲೆಕ್ಕದಲ್ಲಿ ಡ್ರ್ಯಾಕ್ಸ್ ಮನೆತನಕ್ಕೆ ಸಂದದ್ದು ನಾಲ್ಕು ಸಾವಿರ ಪೌಂಡಿಗೂ ಹೆಚ್ಚು. ವಾರಕ್ಕೆ ಏಳು ಶಿಲಿಂಗು ದುಡಿಯುವ ಆಳು ಅಷ್ಟು ಹಣ ಕಾಣಬೇಕಾದರೆ ಇನ್ನೂರು ವರ್ಷ ದುಡಿದರೂ ಸಾಲದು. ಮುಂದಿನ ದಶಕದಲ್ಲಿ ಆ ಜಹಗೀರಿನ ಸುತ್ತ ಇಟ್ಟಿಗೆಯ ಗೋಡೆ ಎದ್ದಿತು. ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಇಟ್ಟಿಗೆ, ಮೂರು ಮೈಲಿ ಉದ್ದ. ಹೆದ್ದಾರಿಯ ಬದಿಗೆ ಇಂದಿಗೂ ನಿಂತಿದೆ. ಆ ಪರಿಹಾರಕ್ಕಾಗಿ ಎತ್ತಿದ ಸಾಲವನ್ನು ಬ್ರಿಟನ್ನಿನ ಜನ ತೆರಿಗೆ ಕಟ್ಟಿ ತೀರಿಸಿ ಮುಗಿಸಿದ್ದು 2015ರಲ್ಲಿ. ಬಾರ್ಬಡೋಸಿನಿಂದ ಬಂದು ಅಲ್ಲಿ ನೆಲೆಸಿದವರ ಮಕ್ಕಳು, ತಮ್ಮ ಮುತ್ತಜ್ಜಂದಿರನ್ನು ಆಳಿದವರಿಗೆ ಕೊಟ್ಟ ಹಣವನ್ನು ತಮ್ಮ ಸಂಬಳದಿಂದ ಕಟ್ಟಿದರು. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ.

ಗುಲಾಮಗಿರಿ ರದ್ದು ಮಾಡಿದ ಆ ಕಾಯ್ದೆಯಲ್ಲಿ ಇನ್ನೊಂದು ಕಲಮು ಇತ್ತು. ಈಸ್ಟ್ ಇಂಡಿಯಾ ಕಂಪನಿಯ ನೆಲಕ್ಕೆ ಇದು ಅನ್ವಯಿಸುವುದಿಲ್ಲ. ಅಂದರೆ 1799ರಿಂದ ಕಂಪನಿಯ ಕೈಯಲ್ಲಿದ್ದ ನಮ್ಮ ಕನ್ನಡ ಕರಾವಳಿಯ, ಒಡೆಯನಿಗೆ ಕಟ್ಟುಬಿದ್ದ ಮೂಲದಾಳುಗಳಿಗೆ ಅನ್ವಯಿಸಲಿಲ್ಲ. ಅದೇ 1834ರಲ್ಲಿ ಕಂಪನಿ ನುಂಗಿದ ಕೊಡಗಿನಲ್ಲಿ, ಗದ್ದೆಯ ಜೊತೆಗೇ ಕೈ ಬದಲಾಗುತ್ತಿದ್ದ ಯರವರಿಗೂ ಅನ್ವಯಿಸಲಿಲ್ಲ. ಇಲ್ಲಿಯ ಧಣಿಗಳಿಂದ ಕಂಪನಿಗೆ ಕಂದಾಯ ಬರಬೇಕಿತ್ತು, ಆ ಧಣಿಗಳಿಗೆ ಪುಕ್ಕಟೆ ಆಳು ಬೇಕಿತ್ತು. 1843ರ ಕಾಯ್ದೆ ಬಂದಾಗಲೂ ಅದು ಮಾಡಿದ್ದಿಷ್ಟೇ: ಗುಲಾಮನ ಮೇಲೆ ಒಡೆಯನ ಹಕ್ಕನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎಂದಿತು. ಆಳಿಗೆ ಅಂಗೈಯಗಲ ನೆಲ ಕೊಡಲಿಲ್ಲ. ನೆಲವಿಲ್ಲದವನು ಮರುದಿನ ಬೆಳಿಗ್ಗೆ ಮತ್ತೆ ಅದೇ ಒಡೆಯನ ಅಂಗಳದಲ್ಲಿ ನಿಲ್ಲಬೇಕಾಯಿತು. ಟಾಲ್‌ಪಡಲ್‌ನ ಆಳಿಗೂ ನಮ್ಮ ಮೂಲದಾಳಿಗೂ ಒಂದೇ ಪಾರ್ಲಿಮೆಂಟು ಹಣೆಬರಹ ಬರೆಯುತ್ತಿತ್ತು. ನೋವು ಒಂದೇ ಎಂದು ಮಾತ್ರ ನಾನು ಹೇಳಲಾರೆ. ಟಾಲ್‌ಪಡಲ್‌ನವರನ್ನು ಯಾರೂ ಮುಟ್ಟಬಾರದವರೆಂದು ಕರೆಯಲಿಲ್ಲ. ಅವರ ಬೆನ್ನಿಗೆ ಜನ ನಿಂತರು: 1834ರ ಏಪ್ರಿಲ್ 21ರಂದು ಲಂಡನ್ನಿನ ಕೋಪನ್‌ಹೇಗನ್ ಬಯಲಲ್ಲಿ ಸಾವಿರಾರು ದುಡಿಮೆಗಾರರು ಸೇರಿದರು, ಎರಡು ಲಕ್ಷಕ್ಕೂ ಹೆಚ್ಚು ಸಹಿಯ ಮನವಿ ಹೊತ್ತು ನಡೆದರು. ಗುಂಪು ಕಟ್ಟಿಕೊಂಡು ತಂದ ಮನವಿ ಎಂದು ಮೆಲ್ಬರ್ನ್ ಅದನ್ನು ಮುಟ್ಟಲಿಲ್ಲ. ಜನ ಬಿಡಲಿಲ್ಲ. 1836ರಲ್ಲಿ ಸರ್ಕಾರ ಪೂರ್ಣ ಕ್ಷಮೆ ಕೊಡಬೇಕಾಯಿತು.

ಗಡೀಪಾರಿನ ನೆಲವಾದರೂ ಯಾರದು? ಜಾರ್ಜ್ ಲವ್‌ಲೆಸ್‌ನನ್ನು ಒಯ್ದ ವ್ಯಾನ್ ಡೀಮನ್ಸ್ ಲ್ಯಾಂಡ್ ಇಂದಿನ ಟಾಸ್ಮೇನಿಯಾ. ಅವನು ಇಳಿಯುವ ಹೊತ್ತಿಗೆ ಅಲ್ಲಿಯ ಮೂಲನಿವಾಸಿಗಳಲ್ಲಿ ಕೊಲೆಗೆ, ಕಾಯಿಲೆಗೆ ಸಿಕ್ಕದೆ ಬದುಕುಳಿದವರನ್ನು ಫ್ಲಿಂಡರ್ಸ್ ದ್ವೀಪಕ್ಕೆ ಅಟ್ಟಲಾಗುತ್ತಿತ್ತು. ತನ್ನೂರಿನಲ್ಲಿ ನೆಲ ಕಳೆದುಕೊಂಡವನನ್ನು ಬೇಡಿ ಹಾಕಿ ಕಳಿಸಿ, ಇನ್ನೊಬ್ಬರಿಂದ ಕಸಿದ ನೆಲ ಅಗೆಸಿದ ರಾಜ್ಯ ಅದು. ಗಡೀಪಾರಿನ ಇನ್ನೊಂದು ನೆಲವಾದ ನ್ಯೂ ಸೌತ್ ವೇಲ್ಸಿನಲ್ಲಿ ಹ್ಯಾಮೆಟ್‌ನನ್ನು ಒಂದು ಪೌಂಡಿಗೆ ಮಾರಿದ್ದರು. ಇದು ಅವನೇ ಮುದಿವಯಸ್ಸಿನಲ್ಲಿ ಹೇಳಿದ ಮಾತು. ತಿರುಗಿ ಬಂದವರಲ್ಲಿ ಐವರಿಗೆ ಡಾರ್ಸೆಟ್ಟಿನಲ್ಲಿ ನೆಲೆಯಿಲ್ಲದೆ ಹೋಯಿತು, ಕೊನೆಗೆ ಕೆನಡಾಕ್ಕೆ ಹೋದರು. ಊರಲ್ಲಿ ಉಳಿದವನು ಹ್ಯಾಮೆಟ್ ಒಬ್ಬನೇ. ಕಣ್ಣು ಹೋದ ಮುದುಕ 1891ರಲ್ಲಿ ಡಾರ್ಚೆಸ್ಟರಿನ ವರ್ಕ್‌ಹೌಸಿನಲ್ಲಿ, ದಿಕ್ಕಿಲ್ಲದ ಬಡವರನ್ನು ಕೂಡಿಹಾಕುತ್ತಿದ್ದ ಆ ಮನೆಯಲ್ಲಿ, ಪ್ರಾಣ ಬಿಟ್ಟ.

ಅವನ ಗೋರಿಗೆ ಕೆತ್ತನೆಯ ಕಲ್ಲು ಬಂದದ್ದು 1934ರಲ್ಲಿ. ಅದೇ ವರ್ಷ ಕಾರ್ಮಿಕ ಸಂಘಗಳ ಒಕ್ಕೂಟ ಊರಿನಲ್ಲಿ ಆರು ಮನೆಗಳನ್ನು ಕಟ್ಟಿಸಿತು. ಈಗ ಪ್ರತಿ ಜುಲೈನಲ್ಲಿ ಅಲ್ಲಿ ಸಂಘಗಳ ಬಾವುಟಗಳ ಮೆರವಣಿಗೆ ನಡೆಯುತ್ತದೆ. ಅದು ನನಗೆ ಹೆಮ್ಮೆಯ ವಿಷಯವೇ. ಆದರೆ ಹೊಲದ ಕೂಲಿ ಎಷ್ಟಿರಬೇಕೆಂದು ಧಣಿ, ಆಳು ಎದುರುಬದುರು ಕೂತು ಗೊತ್ತು ಮಾಡುತ್ತಿದ್ದ ಕೃಷಿ ಕೂಲಿ ಮಂಡಳಿಯನ್ನು ಇಂಗ್ಲೆಂಡಿನಲ್ಲಿ 2013ರಲ್ಲಿ ಮುಚ್ಚಿದರು. ಇಂಗ್ಲೆಂಡಿನ ಅರ್ಧ ನೆಲ ಇಂದಿಗೂ ಜನಸಂಖ್ಯೆಯ ಶೇಕಡಾ ಒಂದರಷ್ಟೂ ಇಲ್ಲದವರ ಕೈಯಲ್ಲಿದೆ. ಸಾಮಾನ್ಯ ಪ್ರಜೆ ಕಾಲುದಾರಿ ಬಿಟ್ಟು ಹಕ್ಕಿನಿಂದ ಅಡ್ಡಾಡಬಹುದಾದ ನೆಲ ಶೇಕಡಾ ಎಂಟರ ಆಸುಪಾಸು. ಹುಲ್ಲುಮಾಡಿನ ಮನೆಗಳನ್ನು ಪಟ್ಟಣದ ಹಣವಂತರು ರಜೆಯ ಮನೆಗಳೆಂದು ಕೊಂಡುಕೊಂಡಿದ್ದಾರೆ. ಆ ಹೊಲಗಳಲ್ಲೇ ದುಡಿದವರ ಮೊಮ್ಮಕ್ಕಳಿಗೆ ಹುಟ್ಟೂರಿನಲ್ಲಿ ಬಾಡಿಗೆಗೂ ಸೂರು ಸಿಗುವುದಿಲ್ಲ.

ಇಂಗ್ಲೆಂಡಿನ ತೋಟಗಳಲ್ಲಿ ಸ್ಟ್ರಾಬೆರಿ ಕೀಳುವವರು ಈಗ ಹೆಚ್ಚಾಗಿ ಮಧ್ಯ ಏಷ್ಯಾದವರು. ಆರು ತಿಂಗಳ ವೀಸಾ, ತೋಟದ ಮೂಲೆಯ ಕ್ಯಾರವಾನಿನಲ್ಲಿ ಒತ್ತೊತ್ತಾಗಿ ಮಲಗುವ ಪಾಡು. ಬರಲು ಮಾಡಿದ ಸಾಲ ತೀರುವ ಮೊದಲೇ ವೀಸಾ ಮುಗಿಯುತ್ತದೆ ಎಂದು ಅವರಲ್ಲಿ ಹಲವರು ಗೋಳಿಡುತ್ತಾರೆ. ಧಣಿ ಸರಿಯಿಲ್ಲವೆಂದು ಬೇರೆ ತೋಟಕ್ಕೆ ಹೋಗಬೇಕಾದರೂ ಕರೆತಂದ ಸಂಸ್ಥೆಯ ಒಪ್ಪಿಗೆ ಬೇಕು. ಸಂಘ ಕಟ್ಟಿದರೆ ಇಂದು ಬೇಡಿ ಹಾಕುವುದಿಲ್ಲ, ನಿಜ. ಮುಂದಿನ ವರ್ಷ ಕರೆಯದಿದ್ದರಾಯಿತು. ಜುಲೈ ಮೆರವಣಿಗೆಯ ಮುಂಸಾಲಿನಲ್ಲಿ ನಡೆಯಬೇಕಾದವರು ಇವರು. ಆ ಜುಲೈನಲ್ಲೇ ಇವರು ಹಣ್ಣಿನ ಸಾಲುಗಳ ನಡುವೆ ಬೆನ್ನು ಬಗ್ಗಿಸಿರುತ್ತಾರೆ.